ಹಾಡಿನ ಎರಡನೇ ಸಾಲು

ನನ್ನ ಹೆಂಡತಿ ತೀರಿಕೊಂಡ ಮೇಲೂ ಅವಳ ಹಾಡಿನ ಒಂದು ಸಾಲು ನನ್ನ ಬಾಯಲ್ಲಿ ಉಳಿದಿದೆ: ‘ಹೊಳಿ ದಾಟಿ ಹೋದಾಂವ ಹೊರಳಿ ನೋಡಲಿಲ್ಲ.’ ಒಲೆಯ ಮುಂದೆ ಅದನ್ನು ಗುನುಗುತ್ತಿದ್ದವಳು ನನ್ನನ್ನು ಕಂಡಕೂಡಲೇ ನಿಲ್ಲಿಸಿಬಿಡುತ್ತಿದ್ದಳು. ಮದುವೆಗೆ ಮುಂಚೆ ಯಾರನ್ನಾದರೂ ಕಳೆದುಕೊಂಡಿದ್ದಳೇನೋ ಎಂಬ ಅನುಮಾನ ನನಗಿತ್ತು. ಕೇಳಲು ಧೈರ್ಯ ಬರಲೇ ಇಲ್ಲ.

ಮೊನ್ನೆ ಬುಕ್ಕಸಾಗರದ ಮಗಳ ಮನೆಗೆಂದು ಹೊಸಪೇಟೆಯಲ್ಲಿ ಕಂಪ್ಲಿ ಬಸ್ಸು ಹತ್ತಿದ್ದೆ. ನನಗರಿವಿಲ್ಲದೆಯೇ ಅದೇ ಸಾಲು ಹಾಡಿಕೊಂಡಿರಬೇಕು. ಮುಂದಿನ ಸೀಟಿನ ಹೆಂಗಸು ತಿರುಗಿ, “ಅಣ್ಣಾರ, ಅರ್ಧಕ್ಕ ಯಾಕ ಬಿಟ್ರಿ?” ಎಂದಳು.

“ಮುಂದಿಂದು ಗೊತ್ತಿಲ್ಲಮ್ಮ. ನಮ್ಮಾಕಿ ಇಷ್ಟ ಹಾಡ್ತಿದ್ಲು.”

ಅವಳು ಮೆಲ್ಲಗೆ ಹಾಡಿದಳು: ‘ಹಚ್ಚಿದ ಒಲಿ ಆರೋ ಮೊದಲ ಒಳಗ ಬಾರೋ ನಲ್ಲ.’

“ಹಂಗಂದ್ರ ಹೋದಾಂವ ತಿರುಗಿ ಬಂದಾನೇನು?”

“ಬಾಗಿಲದಾಗ ನಿಂತಾನ್ರಿ! ತಡಾ ಮಾಡಿ ಬಂದ ಗಂಡನ ಮ್ಯಾಲಿನ ಸಿಟ್ಟಿನ ಹಾಡದು. ನಾಟಿ ಹಚ್ಚುವಾಗ ನಾವೂ ಹಾಡ್ತೀವಿ. ನಿಮ್ಮಾಕಿ ಯಾವಾಗ ಹಾಡ್ತಿದ್ರು?”

ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುತ್ತಿದ್ದ ದಿನಗಳು ನೆನಪಾದವು. “ನಾನು ಡ್ಯೂಟಿಯಿಂದ ತಡಾ ಬಂದಾಗ,” ಎಂದೆ.

“ಮತ್ತ ನಿಮಗ ಹಾಡ್ಯಾರ. ನಿಮ್ಮೆದುರಿಗೆ ‘ನಲ್ಲ’ ಅನ್ನಾಕ ಭಾಳ ನಾಚಿಕಿ ಬಂದಿರಬೇಕು, ಅದಕ್ಕ ನಿಲ್ಲಿಸ್ಯಾರ,” ಎಂದು ನಕ್ಕಳು.

ನಾನು ಅವಳಿಗೆ ಕೈ ಮುಗಿದೆ. ಅಷ್ಟರಲ್ಲಿ ಕಂಡಕ್ಟರ್, “ಯಜಮಾನ್ರ, ಬುಕ್ಕಸಾಗರ ಹಿಂದ ಹೋತು. ಇಲ್ಲೇ ಇಳೀರಿ ಜಲ್ದಿ!” ಎಂದು ಬೈದ. ಆ ಖುಷಿಯಲ್ಲಿ ಅವನಿಗೂ ಒಂದು ನಮಸ್ಕಾರ ಹಾಕಿ ಇಳಿದೆ. ಪಾಪ, ಗಾಬರಿಯಾದ.