ಕೊಬ್ಬರಿ ಬಟ್ಟಲಿನ ಬೆಟ್ಟ

ನಮ್ಮ ಭೂಗೋಳದ ಮೇಷ್ಟ್ರ ಅಂಗಿಯ ಜೇಬಿನ ಮೇಲೆ ಅಂಗೈಯಗಲದ ಎಣ್ಣೆ ಕಲೆ ಇರುತ್ತಿತ್ತು. ಎಷ್ಟು ಒಗೆದರೂ ಹೋಗದು. ಒಳಗೆ ಸದಾ ಒಂದು ತುಂಡು ಕೊಬ್ಬರಿ, ಒಂದಿಷ್ಟು ಬೆಲ್ಲ. ಪೆನ್ಸಿಲ್ಲು, ಬಸ್ ಟಿಕೆಟ್ಟು, ಮಡಿಸಿದ ನಕ್ಷೆ, ಎಲ್ಲಕ್ಕೂ ಅದೇ ಜೇಬು.

ತಿಪಟೂರಿನ ಕಾಲೇಜಿನಲ್ಲಿ ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನೊಣವಿನಕೆರೆಯಿಂದ ದಿನಾ ಬಸ್ಸು. "ಒಂದ್ ಸಬ್ಜೆಕ್ಟು ಹೋದ್ರೂ ಸಾಕು, ಆಮೇಲೆ ಮನೇಲಿರು" ಎಂದು ಅಪ್ಪ ಮೊದಲೇ ಹೇಳಿದ್ದರು. ಉಳಿದದ್ದೆಲ್ಲ ಹೇಗೋ ಬರುತ್ತಿತ್ತು. ನಕ್ಷೆಯ ಸಮೋನ್ನತ ರೇಖೆಗಳು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ ಎಂದು ಬಾಯಿಪಾಠ ಮಾಡಿದ್ದೆ. ನೋಡಿದರೆ ಸೊಟ್ಟಗೆ ಹಿಂಡಿದ ಜಿಲೇಬಿ.

ಒಂದು ದಿನ ಮೇಷ್ಟ್ರು ಈಳಿಗೆಮಣೆ ತಂದು ಮೇಜಿನ ಮೇಲಿಟ್ಟರು. ಕೊಬ್ಬರಿ ಬಟ್ಟಲನ್ನು ಬೋರಲು ಹಾಕಿ, "ಇದು ಬೆಟ್ಟ" ಎಂದರು. ಅದನ್ನು ಅಡ್ಡಡ್ಡಲಾಗಿ ಬಳೆಬಳೆಯಾಗಿ ಕೊಯ್ದು, ಒಂದೊಂದನ್ನೂ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಸಿದರು. ದೊಡ್ಡ ಸುತ್ತಿನೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು. ಹೊರಗಿನದಕ್ಕೆ ಎಂಟುನೂರು ಮೀಟರು, ಅದರೊಳಗಿನದಕ್ಕೆ ಎಂಟುನೂರ ಇಪ್ಪತ್ತು, ಹೀಗೆ ಅಂಕಿ ಬರೆಸಿದರು.

"ಗೆರೆ ಒತ್ತೊತ್ತಾಗಿದ್ರೆ ಏರು ಜಾಸ್ತಿ. ದೂರ ದೂರ ಇದ್ರೆ ಎಮ್ಮೆನೂ ಹತ್ತುತ್ತೆ."

ನನ್ನ ಹಾಳೆಯ ಮೇಲೆ ಬೆಟ್ಟ ಎದ್ದು ನಿಂತಿತು. ಹಿಂದಿನ ಬೆಂಚಿಗೆ ಹೋದ ತುದಿಯ ಚೂರು ಮಾತ್ರ ವಾಪಸು ಬರಲಿಲ್ಲ.

"ಶಿಖರ ತಿಂದೋನು ಯಾವನ್ಲಾ? ಬೆಲ್ಲಾನೂ ಕೇಳಿ ಇಸ್ಕೋಬಾರ್ದಾ!"

ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ನಮ್ಮನ್ನು ಚಿಕ್ಕನಾಯಕನಹಳ್ಳಿ ಕಡೆಗೆ ಕರೆದುಕೊಂಡು ಹೋದರು. ನಕ್ಷೆಯಲ್ಲೊಂದು ಗುಡ್ಡ ತೋರಿಸಿ, ಊಟ ಅದರ ನೆತ್ತಿಯ ಮೇಲೆ ಎಂದರು. ಬಿಸಿಲಲ್ಲಿ ನಡೆದೇ ನಡೆದೆವು. ಚಿತ್ರಾನ್ನದ ಡಬ್ಬಿ ಹೊತ್ತಿದ್ದ ನನ್ನ ಗೆಳತಿಗೆ ಸಾಕಾಗಿ, "ಗುಡ್ಡ ಎಲ್ಲಿ ಸಾರ್?" ಎಂದಳು.

"ಮ್ಯಾಪಲ್ಲೈತೆ ಅಂದ್ಮೇಲೆ ಇರ್ಲೇಬೇಕು ಕಣಮ್ಮ, ನಡಿ."

ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನೆಲವೇ ಮುಗಿಯಿತು. ಕೆಳಗೆ ಹಳೆಯ ಗಣಿಯ ಹೊಂಡ, ತಳದಲ್ಲಿ ಹಸಿರು ನೀರು. ಮೇಷ್ಟ್ರು ನಕ್ಷೆಯ ಮೇಲೆ ಅಂಟಿದ್ದ ಬೆಲ್ಲವನ್ನು ಉಗುರಿನಿಂದ ಕೆರೆದರು. ಅಡಿಯಲ್ಲಿದ್ದ ಅಂಕಿಗಳು ಕಂಡವು: ಒಳಗೊಳಗೆ ಹೋದ ಹಾಗೆ ಕಡಿಮೆಯಾಗುತ್ತಿದ್ದವು.

"ಬಟ್ಟಲು ಬೋರಲಾಗಿದ್ರೂ ಅದೇ ಸುತ್ತು, ಅಂಗಾತ ಇದ್ರೂ ಅದೇ ಸುತ್ತು. ಅಂಕಿ ನೋಡ್ದೆ ಗುಡ್ಡ ಅಂದ್ಬುಟ್ಟೆ ಕಣ್ರೋ. ಬುಡಿ, ಅಂಚಲ್ಲೇ ಉಣ್ಣಣ."

ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನಕ್ಷೆಯ ಸುತ್ತುಗಳ ಮೇಲೆ ಬೆರಳಿಟ್ಟು, "ಇದೇನಮ್ಮ?" ಎಂದರು. ಗುಡ್ಡ ಎನ್ನಲು ಬಾಯಿ ತೆರೆದವಳು ಅಂಕಿ ನೋಡಿದೆ.

"ಹೊಂಡ ಸಾರ್."

"ಗ್ಯಾರಂಟಿನಾ?"

"ಹೂಂ ಸಾರ್, ಇಂಥದ್ದರ ಅಂಚಲ್ಲಿ ಊಟ ಮಾಡಿದೀವಿ."

ಮೂಲೆಯಲ್ಲಿದ್ದ ಮೇಷ್ಟ್ರಿಗೆ ಜೋರು ಕೆಮ್ಮು ಬಂತು.

ಎಲ್ಲದರಲ್ಲೂ ಪಾಸಾದೆ. ಆದರೆ ಅಪ್ಪ ಮಾತು ಬದಲಿಸಿದರು. ದಂಡಿನಶಿವರದಲ್ಲೊಂದು ಗಂಡು ಇದೆ, ಓದಿದ್ದು ಸಾಕು ಎಂದರು. ನಾನು ಅತ್ತ ಸುದ್ದಿಯನ್ನು ಗೆಳತಿ ಮೇಷ್ಟ್ರಿಗೆ ಮುಟ್ಟಿಸಿದಳು. ಮರುದಿನ ಮೊದಲ ಬಸ್ಸಿಗೇ ಬಂದು ಅವರು ನಮ್ಮ ಜಗಲಿಯ ಮೇಲೆ ಕುಳಿತರು. ಕಾಫಿ ಕುಡಿದರು. ಉಪ್ಪಿಟ್ಟು ತಿಂದರು. ಮಧ್ಯಾಹ್ನ ಮುದ್ದೆಗೂ ಕೂತರು.

"ಏನ್ ಬಂದಿದ್ರಿ ಮೇಷ್ಟ್ರೇ?" ಅಪ್ಪ ಕೊನೆಗೂ ಕೇಳಿದರು.

"ಹುಡುಗಿ ಎರಡನೇ ವರ್ಷದ ಅರ್ಜಿಗೆ ನಿಮ್ ಸೈನ್ ಬೇಕಿತ್ತು."

"ಯೋಚ್ನೆ ಮಾಡ್ಬೇಕು."

"ಮಾಡಿ ಮಾಡಿ. ರಾತ್ರಿಗೇನ್ ಸಾರು?"

ಒಳಗೆ ಅಮ್ಮ ನಕ್ಕದ್ದು ಜಗಲಿಗೂ ಕೇಳಿಸಿತು. ಅಪ್ಪ ಪೆನ್ನು ಕೇಳಿದರು.

ಡಿಗ್ರಿ ಮುಗಿಯಿತು, ಬಿ.ಎಡ್. ಆಯಿತು, ಈಗ ಹೈಸ್ಕೂಲಿನಲ್ಲಿ ಮಕ್ಕಳು ನನ್ನನ್ನು ಮೇಡಂ ಎನ್ನುತ್ತಾರೆ. ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನನಗಿಂತ ಮೊದಲು ಅಪ್ಪನೇ ಪಂಚೆ ಬದಲಿಸಿ ಹೊರಟು ನಿಂತಿದ್ದರು. ಅಲ್ಲಿ ಯಾರೋ ಅಪ್ಪನನ್ನು, "ಮೇಷ್ಟ್ರು ತಮಗೇನಾಗ್ಬೇಕಿತ್ತು?" ಎಂದು ಕೇಳಿದರು.

ಅಪ್ಪ, "ಒಂದಿನ ನಮ್ಮನೇಗ್ ಬಂದು ಕೂತ್ರು ಕಣಪ್ಪ" ಎಂದರು. "ಎದ್ ಹೋಗ್ಲೇ ಇಲ್ಲ."