ಎಂಟು ಹಲ್ಲಿನ ಹೋರಿ

ದಂಡಿಗನಹಳ್ಳಿ ಸುತ್ತಿನಲ್ಲಿ ಹೋರಿಗಳ ಬೀಜ ಒಡೆಯುವುದಕ್ಕೆ ಹುಚ್ಚಯ್ಯನನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ. ಹೋರಿಯನ್ನು ಕೆಡವಿ, ನಾಲ್ಕೂ ಕಾಲು ಬಿಗಿದು, ಬೀಜದ ನರವನ್ನು ಎರಡು ಬಿದಿರ ದಬ್ಬೆಗಳ ನಡುವೆ ಸಿಕ್ಕಿಸಿ ಗುಂಡುಕಲ್ಲಿನಿಂದ ಜಜ್ಜುತ್ತಿದ್ದ. ಅದರ ಅರಚಾಟ ಊರಾಚೆಗೂ ಕೇಳಿಸುತ್ತಿತ್ತು. ಅವನ ಎಡಗೈಯ ಎರಡು ಬೆರಳು ಆ ಕೆಲಸದಲ್ಲೇ ಹೋಗಿದ್ದವು. ಆದರೂ ಬಾಯಿ ಬಿಡಿಸಿ, ಹಲ್ಲು ಎಣಿಸಿ ವಯಸ್ಸು ತಿಳಿಯದೆ ಕಲ್ಲು ಎತ್ತಿದವನಲ್ಲ. ತೀರಾ ಎಳೆಯದರಲ್ಲಿ ಒಡೆದರೆ ಕಾಲಷ್ಟೇ ಉದ್ದವಾಗುತ್ತದೆ, ಕತ್ತು ತುಂಬುವುದಿಲ್ಲ, ಬೆನ್ನ ಮೇಲೆ ಹಿಣಿಲಿನ ಡುಬ್ಬ ಏಳುವುದಿಲ್ಲ. ನಾಲ್ಕು ಹಲ್ಲು ದಾಟಿಸಿದರೆ ಮೈಯ ಜೊತೆಗೆ ಮದವೂ ಬಲಿಯುತ್ತದೆ. ಮೈ ಬೆಳೆಸುವುದೂ ಬೀಜವೇ, ತಲೆ ಕೆಡಿಸುವುದೂ ಬೀಜವೇ ಎನ್ನುತ್ತಿದ್ದ. ಹಾರ್ಮೋನು ಎಂಬ ಮಾತನ್ನು ನಾನು ಕೇಳಿದ್ದು ಎಷ್ಟೋ ವರ್ಷದ ಮೇಲೆ. ಹುಚ್ಚಯ್ಯ ಕೇಳಲೇ ಇಲ್ಲ.

೧೯೪೧ರಲ್ಲಿ ನಮ್ಮೂರ ನಂಜಪ್ಪಗೌಡರ ಹೋರಿಗೆ ನಾಲ್ಕು ಹಲ್ಲಾಯಿತು. ಅದನ್ನು ನೋಡಿಕೊಳ್ಳುತ್ತಿದ್ದವನು ಹುಚ್ಚಯ್ಯನ ಒಬ್ಬನೇ ತಮ್ಮ ಕೆಂಚ. ಆಗಲೇ ಅದು ಅವನನ್ನು ಎರಡು ಸಲ ಗೋಡೆಗೆ ಒತ್ತಿತ್ತು.

"ಗೌಡ್ರೇ, ಈಗ್ಲೇ ಒಡ್ಸ್‌ಬುಡಿ. ತಡ ಮಾಡುದ್ರೆ ನನ್ ತಮ್ಮನ್ ಜೀವ ಉಳಿಯಾಕಿಲ್ಲ" ಎಂದ ಹುಚ್ಚಯ್ಯ.

"ಇಣ್ಲು ಇನ್ನೊಂದ್ ಗೇಣು ಏಳ್ಲಿ ಕಣ್ಲಾ. ನೋಡ್ದೋರು ಬೆರಗಾಗ್ಬೇಕು" ಎಂದರು ಗೌಡರು.

ಗೌಡರ ಶೋಕಿಗೆ ಎರಡು ವರ್ಷ ಹೋಯಿತು. ಎಂಟು ಹಲ್ಲಾದ ಹೋರಿ ಕೆಂಚನ ಪಕ್ಕೆಲುಬು ಮುರಿದ ಮೇಲೆ, ಅವನು ಎದ್ದು ಓಡಾಡುವ ಹೊತ್ತಿಗೆ, ಹುಚ್ಚಯ್ಯನಿಗೆ ಕರೆ ಬಂತು. ಆರು ಜನ ಮೈಮೇಲೆ ಬಿದ್ದು ಹಿಡಿದರೂ ಅದು ಒದ್ದು ಒಬ್ಬನ ದವಡೆ ಮುರಿಯಿತು. ಕೆಲಸ ಮುಗಿಸಿ, ಹರಳೆಣ್ಣೆ ಅರಿಶಿನ ಹಚ್ಚಿ, ಹುಚ್ಚಯ್ಯ ಕೈಮುಗಿದ.

"ರಕ್ತದಲ್ಲಿರೋ ಮದ ಇವತ್ತೇ ಓಗಾಕಿಲ್ಲ ಗೌಡ್ರೇ. ಎರಡ್ ತಿಂಗ್ಳು ನೊಗ ಮುಟ್ಟಿಸ್ಬ್ಯಾಡಿ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಊತ ಇಳಿಯಿತೆಂದು ಗೌಡರು ಹದಿನೈದನೆಯ ದಿನವೇ ಹೂಡಲು ಹೇಳಿದರು. "ಬೀಜವೇ ಇಲ್ಲ, ಇನ್ನೇನ್ಲಾ ಭಯ?" ಕೆಂಚ ನೊಗ ಎತ್ತಿದ. ಕೊಂಬು ಹೊಟ್ಟೆಗೆ ಹೋಯಿತು. ಹೋರಿ ಅವನನ್ನು ಹೊಲದುದ್ದಕ್ಕೂ ಎಳೆದಾಡಿತು. ಕರುಳು ಉಳುಮೆಯ ಸಾಲಿನಲ್ಲಿ ಬಿದ್ದಿತ್ತು. ಹೆಣದ ಮುಂದೆಯೇ ಗೌಡರು ಹುಚ್ಚಯ್ಯನಿಗೆ, "ನೀನೇ ಸರಿಯಾಗಿ ಒಡೀಲಿಲ್ಲ ಕಣ್ಲಾ" ಎಂದರು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹುಚ್ಚಯ್ಯ ಗುಂಡುಕಲ್ಲು ಎತ್ತಿದ. ನಾವು ನಾಲ್ಕು ಜನ ಹಿಡಿಯದಿದ್ದರೆ ಗೌಡರ ತಲೆ ಅಂದೇ ಹೋಳಾಗುತ್ತಿತ್ತು. ಯಾಕೆ ಹಿಡಿದೆವೋ!

ಬೀಜ ಒಡೆದು ಎರಡು ತಿಂಗಳು ತುಂಬಿದ ದಿನ ಹುಚ್ಚಯ್ಯ ಗೌಡರ ಕೊಟ್ಟಿಗೆಗೆ ನಡೆದ. ಹೆದರಿಕೊಂಡು ನಾವೂ ಹಿಂದೆ ಹೋದೆವು. ಗೌಡರು ಅಲ್ಲೇ ಇದ್ದರು. ಅವನು ಒಂದು ಹಿಡಿ ರಾಗಿಹುಲ್ಲು ಚಾಚಿದ. ಹೋರಿ ಅದನ್ನು ತಿಂದು, ಅವನ ಬೆರಳಿಲ್ಲದ ಕೈಯನ್ನು ಕರುವಿನ ಹಾಗೆ ನೆಕ್ಕಿತು. ಅವನೇ ನೊಗ ತಂದು ಅದರ ಕತ್ತಿಗಿಟ್ಟ. ಅದು ಅಲುಗಲಿಲ್ಲ.

"ಈಗ ಊಡ್ಬೋದು ಗೌಡ್ರೇ" ಎಂದ. "ಕೆಂಚನ್ನ ಕರೀರಿ."