ಮುಯ್ಯಿಗೆ ಬಂದ ನೋಟು

ನನ್ನ ಮದುವೆಗೆ ಸೋದರಮಾವ ಹತ್ತು ರೂಪಾಯಿಯ ನೋಟನ್ನೇ ಮುಯ್ಯಿ ಹಾಕಿದ. ಮದ್ದೂರಿನಲ್ಲಿ ಬೆಲ್ಲದ ಮಂಡಿ ಇಟ್ಟುಕೊಂಡಿದ್ದವನು, ಅವ್ವನಿಗೆ ಒಬ್ಬನೇ ಅಣ್ಣ. ಉಳಿದ ನಂಟರೆಲ್ಲ ಎಂಟಾಣೆ, ಹೆಚ್ಚೆಂದರೆ ಒಂದು ಬೆಳ್ಳಿ ರೂಪಾಯಿ ಹಾಕುತ್ತಿದ್ದ ಕಾಲ. ಮುಯ್ಯಿ ಕೂಗುವವನು ಮಾವನದನ್ನು ಎರಡು ಸಲ ಕೂಗಿದ. ಅವತ್ತು ಚಪ್ಪರದಲ್ಲಿ ಅವ್ವ ಓಡಾಡಿದ ಗತ್ತೇ ಬೇರೆ.

ಮೊದಲ ಆಷಾಢಕ್ಕೆ ನಾನು ತವರಿಗೆ ಬಂದೆ. ತಿರುಗಿ ಕಳಿಸುವಾಗ ಸೀರೆ ಕೊಡಬೇಕಲ್ಲ. ಆ ನೋಟು ಹಿಡಿದು ಅಪ್ಪ, ಅವ್ವ, ನಾನು ಮಳವಳ್ಳಿಯ ಜವಳಿ ಅಂಗಡಿಗೆ ಹೋದೆವು. ಸೀರೆ ಆರಿಸಿ ಕಟ್ಟಿಸಿಯೂ ಆಗಿತ್ತು. ಸಾಹುಕಾರರು ನೋಟನ್ನು ಬಾಗಿಲ ಬೆಳಕಿಗೆ ಹಿಡಿದರು. ಕಾಗದದೊಳಗೆ ಕಾಣಬೇಕಿದ್ದ ದೊರೆಯ ಮುಖ ಎಣ್ಣೆಯ ಕಲೆಯಂತೆ ಹರಡಿಕೊಂಡಿತ್ತು. ಮೂಲೆಯನ್ನು ಉಗುರಿನಿಂದ ಕೆರೆದರೆ ಕಾಗದ ಎರಡು ಪದರವಾಗಿ ಎದ್ದು ಬಂತು.

"ಗೌಡ್ರೇ, ಇದು ಖೋಟಾ. ಎಲ್ಲಿಂದ ಬಂತು?"

ಅಪ್ಪ ಅವ್ವನ ಮುಖ ನೋಡಿದ. ಅವ್ವ ನೆಲ ನೋಡಿದಳು.

"ಸಂತೇಲಿ ಯಾರೋ ಕೊಟ್ರು," ಅಂದ ಅಪ್ಪ.

"ಪೊಲೀಸ್ರ ಕಣ್ಣಿಗೆ ಬಿದ್ರೆ ನಿಮ್ಮನ್ನೇ ಹಿಡೀತಾರೆ. ಒಲೆಗೆ ಹಾಕಿ," ಎನ್ನುತ್ತ ಸಾಹುಕಾರರು ಸೀರೆಯ ಗಂಟನ್ನು ತಮ್ಮ ಕಡೆಗೆ ಎಳೆದುಕೊಂಡರು.

ಸುಟ್ಟುಬಿಡೋಣ ಎಂದು ಅಪ್ಪ ಹೇಳಿದರೂ ಅವ್ವ ಕೇಳಲಿಲ್ಲ. "ಅಣ್ಣಂಗೆ ಯಾರೋ ಮೋಸ ಮಾಡವ್ರೆ. ಗೊತ್ತಾದ್ರೆ ಅವ್ನೇ ನೊಂದ್ಕತಾನೆ," ಎಂದು ನನ್ನನ್ನು ಕರೆದುಕೊಂಡು ಮದ್ದೂರಿಗೆ ಹೋದಳು. ಮಾವ ಮಂಡಿಯಲ್ಲೇ ಕೂತಿದ್ದ. ನೋಟನ್ನು ಮುಟ್ಟಲೂ ಇಲ್ಲ.

"ನಾನು ಆಕಿದ್ದು ಅಸ್ಲಿ ನೋಟು ಕಣಮ್ಮಿ. ಇದ ನಿನ್ ಗಂಡ ಎಲ್ಲಿ ಬದ್ಲಾಯಿಸ್ಕಂಡ್ನೋ, ಓಗಿ ಅವ್ನ ಕೇಳು."

"ನನ್ ಗಂಡ ಕಳ್ಳ ಅಂತೀಯಾ ಅಣ್ಣ?"

"ನಾನೆಲ್ಲಂದೆ? ನೀನೇ ಅಂದೆ."

ದಿನಾ ನೋಟು ತಿರುವುವವನಿಗೆ ಅದು ತಿಳಿದಿರಲಿಲ್ಲವೆಂದರೆ ನಾನು ಇವತ್ತಿಗೂ ನಂಬುವುದಿಲ್ಲ. ಮಾವನ ಹೆಂಡತಿ ತಂದ ಮಜ್ಜಿಗೆಯನ್ನು ಮುಟ್ಟದೆ ಅವ್ವ ಎದ್ದಳು. ಮನೆಗೆ ಬಂದವಳೇ ನೋಟನ್ನು ಒಲೆಗೆ ಹಾಕಿದಳು. ನಾನು ಸೀರೆಯಿಲ್ಲದೆ ಮಂಡ್ಯಕ್ಕೆ, ಗಂಡನ ಮನೆಗೆ ಹೋದೆ. ಅಲ್ಲಿ ಕೇಳಿಸಿಕೊಂಡ ಮಾತುಗಳು ಬೇಡ.

ಮರುವರ್ಷ ಮಾವನ ಮಗಳ ಮದುವೆ. ಬಂದ ಮುಯ್ಯಿಯನ್ನು ಅಷ್ಟೇ ತಿರುಗಿ ಹಾಕಬೇಕು. ಇಲ್ಲವಾದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಬಂದದ್ದು ಖೋಟಾ ಎಂದರೆ ನಂಬುವವರು ಯಾರು? ಅಪ್ಪ ಎಮ್ಮೆಯ ಕಡಸನ್ನು ಮಾರಿ ಹತ್ತು ರೂಪಾಯಿಯ ನೋಟು ತಂದ. ಮಾವ ತುಂಬಿದ ಚಪ್ಪರದಲ್ಲಿ ಅದನ್ನು ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ.

"ನಮ್ ಬಾವನ್ ನೋಟು. ನೋಡಿ ಈಸ್ಕಬೇಕು," ಅಂದ.

ಜನ ನಕ್ಕರು. ಅಪ್ಪನೂ ನಗಬೇಕಾಯಿತು. ಅವ್ವ ಊಟಕ್ಕೆ ಕೂರದೆ ಹೊರಟುಬಿಟ್ಟಳು.

ಆಮೇಲೆ ಅವಳು ತವರಿನ ಹೊಸಲು ತುಳಿಯಲಿಲ್ಲ. ಗೌರಿ ಹಬ್ಬಕ್ಕೆ ಬಂದ ಬಾಗಿನವನ್ನೂ ಹಿಂದಕ್ಕೆ ಕಳಿಸಿದಳು. ಎಷ್ಟೋ ವರ್ಷದ ಮೇಲೆ ಮಾವ ತೀರಿಹೋದ ಸುದ್ದಿ ಬಂದಾಗ ರಾಗಿ ಬೀಸುತ್ತಿದ್ದಳು. ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡು ಬಂದು, ಮಿಕ್ಕ ರಾಗಿಯನ್ನು ಬೀಸಿದಳು.